ನಾಲ್ಕು ಕಿಲೋ ಮಾಲ್ಟ್‌ನ ಈ ಬಿಯರ್ ಯಾವ ಶೈಲಿಯದು?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಮನೆಯ ಒಲೆಯ ಮೇಲೆ ಬಿಯರ್ ಕುದಿಸುವುದು ಅಲ್ಲಿ ಸಾಮಾನ್ಯ ಹವ್ಯಾಸ. ಹಾಗೆ ಮಾಡಿದವರು ಊರಿಗೆ ಫೋಟೊ ಕಳಿಸುತ್ತಾರೆ, ಸಾಮಗ್ರಿಗಳ ಪಟ್ಟಿ ಕಳಿಸುತ್ತಾರೆ, ಜೊತೆಗೊಂದು ಪ್ರಶ್ನೆಯನ್ನೂ ಕಳಿಸುತ್ತಾರೆ. ನನ್ನ ಅಣ್ಣನ ಮಗ ಕೇಳಿದ್ದು ಇಷ್ಟು: ‘ಕಾಕಾ, ಮಾಡುವುದನ್ನೇನೋ ಮಾಡಿದ್ದೇನೆ, ಇದನ್ನು ಏನೆಂದು ಕರೆಯಬೇಕು?’ ಅಲ್ಲಿನ ಹವ್ಯಾಸಿಗಳ ಸ್ಪರ್ಧೆಗೆ ಅವನು ಬಾಟಲಿ ಕೊಡಬೇಕಿತ್ತು. ಅರ್ಜಿಯಲ್ಲಿ ಶೈಲಿಯ ಹೆಸರನ್ನು ಬರೆಯದೆ ಬಾಟಲಿಯನ್ನು ತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೆ ಹೋದವರಿಗೂ ಇದೇ ತೊಡಕು ಎದುರಾಗುತ್ತದೆ. ಪಟ್ಟಿಯಲ್ಲಿ ಪೇಲ್ ಏಲ್, ಬ್ಲಾಂಡ್ ಏಲ್, ವಿಟ್‌ಬಿಯರ್, ಸ್ಟೌಟ್ ಎಂದೆಲ್ಲ ಇರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇನು ಎಂಬುದು ಬಹಳ ಮಂದಿಗೆ ತಿಳಿಯದು. ಒಂದು ಸರಳ ರೆಸಿಪಿಯನ್ನು ಕೈಯಲ್ಲಿ ಹಿಡಿದು ಅದರ ಶೈಲಿಯನ್ನು ಪತ್ತೆಹಚ್ಚಿದರೆ ಈ ಹೆಸರುಗಳ ಹಿಂದಿನ ತರ್ಕವೆಲ್ಲ ಬಿಚ್ಚಿಕೊಳ್ಳುತ್ತದೆ.

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯಲ್ಲಿ, ಸ್ವಂತಕ್ಕೆ ಎಂದು ಮಾಡಿದರೂ ಅಪರಾಧವೇ. ಅಮೆರಿಕದಲ್ಲಿ 1978ರಲ್ಲಿ ಆದ ಕಾನೂನು ವಯಸ್ಕರೊಬ್ಬರಿಗೆ ವರ್ಷಕ್ಕೆ 100 ಗ್ಯಾಲನ್‌ವರೆಗೆ, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್‌ವರೆಗೆ ಸ್ವಂತ ಬಳಕೆಯ ಬಿಯರ್‌ಗೆ ತೆರಿಗೆ ವಿನಾಯಿತಿ ಕೊಟ್ಟಿತು. ಬ್ರಿಟನ್ 1963ರಲ್ಲೇ ಮನೆ ಬಿಯರ್‌ಗೆ ಪರವಾನಗಿ ಬೇಕೆಂಬ ನಿಯಮವನ್ನು ಕೈಬಿಟ್ಟಿತ್ತು. ಆದ್ದರಿಂದ ಕೆಳಗಿನ ಲೆಕ್ಕವನ್ನು ತಿಳಿವಳಿಕೆಗಾಗಿ ಓದಿ. ಇಲ್ಲಿನ ಅಡುಗೆಮನೆಯಲ್ಲಿ ಪ್ರಯೋಗ ಮಾಡಬೇಡಿ.

ಶೈಲಿ ಎಂದರೇನು?

ನಮ್ಮ ಅಡುಗೆಯನ್ನೇ ನೋಡಿ. ಒಂದೇ ತೊಗರಿಬೇಳೆಯಿಂದ ಪಪ್ಪು ಆಗುತ್ತದೆ, ಕಟ್ಟಿನ ಸಾರು ಆಗುತ್ತದೆ, ಹುಳಿಯೂ ಆಗುತ್ತದೆ. ಬೇಳೆಯೊಂದನ್ನೇ ನೋಡಿ ಇದು ಇಂಥದ್ದು ಎಂದು ಹೇಳಲು ಬರುವುದಿಲ್ಲ. ಗಟ್ಟಿ ಎಷ್ಟು, ತೆಳು ಎಷ್ಟು, ಹುಣಸೆ ಬಿದ್ದಿದೆಯೇ, ಒಗ್ಗರಣೆ ಯಾವುದು ಎಂಬುದನ್ನೆಲ್ಲ ಒಟ್ಟಿಗೆ ನೋಡಿ ನಾಲಗೆ ತೀರ್ಪು ಕೊಡುತ್ತದೆ. ಪಪ್ಪು ಸ್ವಲ್ಪ ತೆಳುವಾದ ಮಾತ್ರಕ್ಕೆ ಯಾರೂ ಅದನ್ನು ಕಟ್ಟಿನ ಸಾರು ಎನ್ನುವುದಿಲ್ಲ. ಬಿಯರ್ ಶೈಲಿಯೂ ಇಂಥ ಹಲವು ಗುರುತುಗಳ ಕಟ್ಟು. ಬಣ್ಣ, ಕಹಿ, ಮದ್ಯಾಂಶ, ಪರಿಮಳ, ಹುದುಗಿದ ಬಗೆ, ಹುಟ್ಟಿದ ಊರಿನ ರೂಢಿ ಎಲ್ಲವೂ ಸೇರಿ ಒಂದು ಹೆಸರಾಗುತ್ತದೆ.

ಈ ಗುರುತುಗಳನ್ನು ಬರೆದಿಟ್ಟವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ. 1985ರಲ್ಲಿ ಶುರುವಾದ ಈ ಸಂಸ್ಥೆ ಬಹುತೇಕ ಶೈಲಿಗಳಿಗೆ ಬಣ್ಣ, ಕಹಿ, ಸಾಂದ್ರತೆಗಳ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಕೊಡುತ್ತದೆ, ವಾಸನೆ ಮತ್ತು ರುಚಿಯ ವಿವರಣೆಯನ್ನೂ ಬರೆಯುತ್ತದೆ. ಈ ಲೇಖನದಲ್ಲಿರುವ ಮಿತಿಗಳು ಅದರ 2021ರ ಆವೃತ್ತಿಯವು. ಹೊಸಬರು ಅಂಕಿಗಳ ಸಾಲನ್ನು ಮಾತ್ರ ನೋಡಿ ವಿವರಣೆಯನ್ನು ಬಿಟ್ಟುಬಿಡುತ್ತಾರೆ. ವಿವರಣೆಯೇ ಮುಖ್ಯ, ಅಂಕಿಗಳು ಅದಕ್ಕೆ ಆಸರೆ ಮಾತ್ರ ಎಂಬುದು ನನ್ನ ದೃಢ ಅಭಿಪ್ರಾಯ. ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಬಿಯರ್‌ನಲ್ಲಿ ಇರುವುದೇನು?

ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಎಂದರೆ ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ರಾಗಿ ಮಾಲ್ಟ್ ತಯಾರಾಗುವುದೂ ಹೀಗೆಯೇ, ಇಲ್ಲಿ ಧಾನ್ಯ ಬಾರ್ಲಿ. ಮೊಳಕೆಯೊಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಆ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸೋಸಿ ತೆಗೆದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು.

ಹಾಪ್ಸ್ ಒಂದು ಬಳ್ಳಿಯ ಹೂಗೊಂಚಲು. ವರ್ಟ್ ಜೊತೆ ಬಹಳ ಹೊತ್ತು ಕುದಿಸಿದರೆ ಅದರಿಂದ ಕಹಿ ಬರುತ್ತದೆ. ಕುದಿಯುವುದು ಮುಗಿಯುವ ಹೊತ್ತಿಗೆ ಹಾಕಿದರೆ ಕಹಿ ಕಡಿಮೆ, ಪರಿಮಳ ಹೆಚ್ಚು. ಕುದಿಸಿ ಆರಿಸಿದ ವರ್ಟ್‌ಗೆ ಯೀಸ್ಟ್ ಹಾಕುತ್ತಾರೆ. ಅದು ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಿಯರ್‌ಗೆ ಏನು ಹಾಕಬಹುದು ಎಂದು ವಿಧಿಸಿದ, ಜರ್ಮನಿಯ ಬವೇರಿಯದ 1516ರ ಪ್ರಸಿದ್ಧ ಶಾಸನದಲ್ಲಿ ನೀರು, ಬಾರ್ಲಿ, ಹಾಪ್ಸ್ ಮೂರೇ ಇವೆ. ಯೀಸ್ಟ್ ಎಂಬ ಜೀವಿಯ ಪಾತ್ರ ಆಗ ಯಾರಿಗೂ ತಿಳಿದಿರಲಿಲ್ಲ.

ನಮ್ಮ ಭಾಗದ ಈಚಲು ಮರದ ಸೇಂದಿ ಈ ಲೆಕ್ಕಕ್ಕೆ ಬರುವುದಿಲ್ಲ. ಮರದಿಂದ ಇಳಿಯುವ ರಸದಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಗಾಳಿಯಲ್ಲಿರುವ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಹುದುಗಿಸುತ್ತವೆ. ಧಾನ್ಯವಿಲ್ಲ, ಮೊಳಕೆಯಿಲ್ಲ, ಹಾಪ್ಸ್ ಇಲ್ಲ. ಹಾಗಾಗಿ ಅದು ಬಿಯರ್ ಅಲ್ಲ.

ನಮ್ಮ ಮುಂದಿರುವ ರೆಸಿಪಿ

ಹುಡುಗ ಕಳಿಸಿದ ಪಟ್ಟಿ ಚಿಕ್ಕದು. ತಿಳಿ ಬಣ್ಣದ ಪೇಲ್ ಮಾಲ್ಟ್ 4 ಕಿಲೋ. ಕ್ರಿಸ್ಟಲ್ 40 ಎಂಬ, ಕಂದು ಸಕ್ಕರೆಪಾಕದ ರುಚಿ ಕೊಡುವ ಮಾಲ್ಟ್ 400 ಗ್ರಾಂ. ಕ್ಯಾಸ್ಕೇಡ್ ಹಾಪ್ಸ್ 28 ಗ್ರಾಂ ಕುದಿಯ ಆರಂಭದಲ್ಲಿ, ಅಂದರೆ 60 ನಿಮಿಷ ಕುದಿಯುವಂತೆ. ಇನ್ನೊಂದು 28 ಗ್ರಾಂ ಕೊನೆಯ 10 ನಿಮಿಷಕ್ಕೆ. ಯೀಸ್ಟ್ ಅಮೆರಿಕದ ಏಲ್ ಯೀಸ್ಟ್ ಒಂದು ಪೊಟ್ಟಣ. ಕೊನೆಗೆ ಸಿಗುವ ಬಿಯರ್ 5 ಗ್ಯಾಲನ್, ಅಂದರೆ 19 ಲೀಟರ್.

ಹೊಸಬರ ಪುಸ್ತಕಗಳಲ್ಲೂ ಅಂಗಡಿಯ ಕಿಟ್‌ಗಳಲ್ಲೂ ಇಂಥ ರೆಸಿಪಿಗಳು ಬಹಳ. ಸರಳವಾಗಿರುವುದರಿಂದಲೇ ಹೆಸರಿಡುವುದು ಕಷ್ಟ. ಹುರಿದು ಕಪ್ಪಾದ ಬಾರ್ಲಿ ಇದ್ದಿದ್ದರೆ ಸ್ಟೌಟ್ ಎಂದು ತಕ್ಷಣ ಹೇಳಬಹುದಿತ್ತು. ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಇದ್ದಿದ್ದರೆ ಬೆಲ್ಜಿಯಂನ ವಿಟ್‌ಬಿಯರ್. ಇಲ್ಲಿ ಅಂಥ ಎದ್ದು ಕಾಣುವ ಗುರುತು ಯಾವುದೂ ಇಲ್ಲ.

ಮೊದಲು ಯೀಸ್ಟ್ ನೋಡಿ

ಪಟ್ಟಿ ಕೈಗೆ ಬಂದ ಕೂಡಲೇ ಎಲ್ಲರೂ ಮಾಲ್ಟ್‌ನ ತೂಕ ನೋಡುತ್ತಾರೆ. ನೋಡಬೇಕಾದದ್ದು ಪಟ್ಟಿಯ ಕೊನೆಯ ಸಾಲು. ಯೀಸ್ಟ್‌ನಿಂದ ಬಿಯರ್‌ನ ಕುಲ ಗೊತ್ತಾಗುತ್ತದೆ. ಮುಖ್ಯ ಕುಲಗಳು ಎರಡು: ಏಲ್ ಮತ್ತು ಲಾಗರ್.

ಏಲ್ ಯೀಸ್ಟ್ ಸಾಮಾನ್ಯವಾಗಿ 15ರಿಂದ 24 ಡಿಗ್ರಿಯೊಳಗೆ ಕೆಲಸ ಮಾಡುತ್ತದೆ, ಹಣ್ಣಿನ ಛಾಯೆಯನ್ನು ಬಿಡುತ್ತದೆ. ಲಾಗರ್ ಯೀಸ್ಟ್ ಬೇರೆ ಜಾತಿಯದು. ಅದು 8ರಿಂದ 14 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗುತ್ತದೆ, ನಂತರ ವಾರಗಟ್ಟಲೆ ಇನ್ನೂ ತಣ್ಣಗಿನ ಜಾಗದಲ್ಲಿ ಇರಬೇಕು. ಅದರಿಂದ ಬರುವ ರುಚಿ ಶುಭ್ರ, ಹಣ್ಣಿನ ವಾಸನೆ ಇರುವುದಿಲ್ಲ. 1842ರಲ್ಲಿ ಬೊಹೆಮಿಯದ (ಇಂದಿನ ಚೆಕ್ ಗಣರಾಜ್ಯ) ಪ್ಲ್‌ಜೆನ್ ಪಟ್ಟಣದಲ್ಲಿ ಹುಟ್ಟಿದ ಪಿಲ್ಸ್‌ನರ್ ಈ ಕುಲದ್ದು. ಬಳ್ಳಾರಿಯ ಅಂಗಡಿಯಲ್ಲಿ ಸಿಗುವ ಬಾಟಲಿ ಬಿಯರ್‌ಗಳಲ್ಲಿ ಹೆಚ್ಚಿನವೂ ಲಾಗರ್‌ಗಳೇ. ಬವೇರಿಯದ ಗೋಧಿ ಬಿಯರ್‌ನ ಯೀಸ್ಟ್ ಬಾಳೆಹಣ್ಣು ಮತ್ತು ಲವಂಗದ ವಾಸನೆ ಕೊಡುತ್ತದೆ. ರೆಸಿಪಿಯಲ್ಲಿ ಬಾಳೆಹಣ್ಣೂ ಇರುವುದಿಲ್ಲ, ಲವಂಗವೂ ಇರುವುದಿಲ್ಲ.

ಯೀಸ್ಟ್ ನಂತರ ಹಾಪ್ಸ್‌ನ ತಳಿ. ಕ್ಯಾಸ್ಕೇಡ್ ಅಮೆರಿಕದ ತಳಿ, ಬಳಕೆಗೆ ಬಂದದ್ದು 1972ರಲ್ಲಿ. ಚಕ್ಕೋತದ ಸಿಪ್ಪೆಯನ್ನು ಸುಲಿದಾಗ ಬರುವಂಥ ಘಮ ಅದರದು. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಕಂಪನಿ 1980ರಲ್ಲಿ ಮಾಡಿದ ಪೇಲ್ ಏಲ್‌ನಿಂದ ಈ ಘಮ ಅಮೆರಿಕದ ಬಿಯರ್‌ನ ಗುರುತೇ ಆಗಿಹೋಯಿತು.

ಈಗ ನಮ್ಮ ರೆಸಿಪಿಯ ಕುಲ ತಿಳಿಯಿತು. ಅಮೆರಿಕದ ಏಲ್, ತಿಳಿ ಬಣ್ಣದ ಕಡೆಯದು. ಆ ಮನೆಯಲ್ಲಿ ಹತ್ತಿರದ ಹೆಸರುಗಳು ಬ್ಲಾಂಡ್ ಏಲ್, ಅಮೆರಿಕನ್ ಪೇಲ್ ಏಲ್, ಆಂಬರ್ ಏಲ್, ಐಪಿಎ (ಇಂಡಿಯಾ ಪೇಲ್ ಏಲ್). ಇವುಗಳಲ್ಲಿ ಯಾವುದು ಎಂಬುದಕ್ಕೆ ಲೆಕ್ಕ ಬೇಕು.

ಸಕ್ಕರೆಯಿಂದ ಮದ್ಯಾಂಶದವರೆಗೆ

ನೀರಿನ ಸಾಂದ್ರತೆಯನ್ನು 1.000 ಎಂದು ಇಟ್ಟುಕೊಂಡರೆ ಸಕ್ಕರೆ ಕರಗಿದ ವರ್ಟ್‌ನದು ಅದಕ್ಕಿಂತ ಹೆಚ್ಚು. ಹುದುಗುವ ಮೊದಲಿನ ಅಂಕಿಗೆ ಮೂಲ ಸಾಂದ್ರತೆ, ಹುದುಗಿದ ಮೇಲಿನದಕ್ಕೆ ಅಂತಿಮ ಸಾಂದ್ರತೆ ಎನ್ನೋಣ. ದಶಮಾಂಶದ ನಂತರದ ಅಂಕಿಯನ್ನು ಅಂಶಗಳೆಂದು ಎಣಿಸುವುದು ರೂಢಿ: 1.048 ಎಂದರೆ 48 ಅಂಶ.

ಒಂದು ಕಿಲೋ ಪೇಲ್ ಮಾಲ್ಟ್‌ನ ಸತ್ವವೆಲ್ಲ ಇಳಿದರೆ ಒಂದು ಲೀಟರ್‌ಗೆ ಸುಮಾರು 300 ಅಂಶ. ಮನೆಯ ಪಾತ್ರೆಗಳಲ್ಲಿ ಅಷ್ಟೂ ಇಳಿಯುವುದಿಲ್ಲ. ಶೇ 70 ಎಂದು ಹಿಡಿದರೆ 210. ನಾಲ್ಕು ಕಿಲೋಗೆ 840. ಕ್ರಿಸ್ಟಲ್ ಮಾಲ್ಟ್ 400 ಗ್ರಾಂಗೆ ಸುಮಾರು 78. ಒಟ್ಟು 918ನ್ನು 19 ಲೀಟರ್‌ಗೆ ಹಂಚಿದರೆ 48. ಮೂಲ ಸಾಂದ್ರತೆ 1.048.

ಈ ಯೀಸ್ಟ್ ಸಕ್ಕರೆಯ ಮುಕ್ಕಾಲು ಪಾಲನ್ನು ತಿನ್ನುತ್ತದೆ ಎಂದುಕೊಂಡರೆ ಉಳಿಯುವುದು 12 ಅಂಶ, ಅಂದರೆ 1.012. ಇಳಿದ 36 ಅಂಶಗಳನ್ನು 0.131 ಎಂಬ ರೂಢಿಯ ಗುಣಕದಿಂದ ಗುಣಿಸಿದರೆ ಮದ್ಯಾಂಶ ಶೇ 4.7. ಐಪಿಎ ಇಲ್ಲಿಗೇ ಪಟ್ಟಿಯಿಂದ ಹೊರಬಿತ್ತು. ಅದರ ಮೂಲ ಸಾಂದ್ರತೆ 1.056ರಿಂದ ಶುರು, ಮದ್ಯಾಂಶ ಕನಿಷ್ಠ ಶೇ 5.5.

ಕಹಿಯ ಲೆಕ್ಕ

ಒಂದು ಲೀಟರ್ ಬಿಯರ್‌ನಲ್ಲಿ ಹಾಪ್ಸ್‌ನ ಕಹಿ ಆಮ್ಲ ಎಷ್ಟು ಮಿಲಿಗ್ರಾಂ ಕರಗಿದೆ ಎಂಬುದೇ ಹೆಚ್ಚುಕಡಿಮೆ ಐಬಿಯು ಅಂಕಿ. ಹಾಪ್ಸ್ ಪೊಟ್ಟಣದ ಮೇಲೆ ಕಹಿಗೆ ಮೂಲವಾದ ಆಲ್ಫಾ ಆಮ್ಲದ ಪ್ರಮಾಣ ಮುದ್ರಿತವಾಗಿರುತ್ತದೆ. ಇಲ್ಲಿ ಅದು ಶೇ 5.5 ಎಂದುಕೊಳ್ಳಿ. 28 ಗ್ರಾಂನಲ್ಲಿ 1,540 ಮಿಲಿಗ್ರಾಂ, 19 ಲೀಟರ್‌ಗೆ ಹಂಚಿದರೆ ಲೀಟರ್‌ಗೆ 81. ಇದರಲ್ಲಿ ಎಷ್ಟು ಕರಗಿ ಉಳಿಯುತ್ತದೆ ಎಂಬುದು ಕುದಿಯುವ ಹೊತ್ತಿನ ಮೇಲೆ ನಿಂತಿದೆ. ಕಹಿಯನ್ನು ಅಂದಾಜಿಸುವ ಟಿನ್ಸೆತ್ ಸೂತ್ರದ ಪ್ರಕಾರ ಈ ಸಾಂದ್ರತೆಯಲ್ಲಿ 60 ನಿಮಿಷಕ್ಕೆ ಸುಮಾರು ಶೇ 23.5, 10 ನಿಮಿಷಕ್ಕೆ ಶೇ 8.5. ಹಾಗಾಗಿ ಮೊದಲ ಕಂತಿನಿಂದ 19, ಎರಡನೆಯದರಿಂದ 7. ಒಟ್ಟು 26.

ಕಹಿಯ ಅಂಕಿಯನ್ನು ಒಂಟಿಯಾಗಿ ನೋಡಬಾರದು. ಸಿಹಿ ಹೆಚ್ಚಿದ್ದರೆ ಅದೇ 26 ಕಡಿಮೆ ಅನಿಸುತ್ತದೆ. ಆದ್ದರಿಂದ ಕಹಿಯನ್ನು ಮೂಲ ಸಾಂದ್ರತೆಯ ಅಂಶಗಳಿಂದ ಭಾಗಿಸಿ ನೋಡುವ ರೂಢಿ ಇದೆ. 26ನ್ನು 48ರಿಂದ ಭಾಗಿಸಿದರೆ 0.54. ಕಹಿ ಮತ್ತು ಸಿಹಿ ಸರಿಸುಮಾರು ಸಮತೂಕದಲ್ಲಿವೆ.

ಬಣ್ಣದ ಅಳತೆ ಎಸ್‌ಆರ್‌ಎಂ. 2 ಅಥವಾ 3 ಎಂದರೆ ಒಣಹುಲ್ಲಿನ ತಿಳಿ ಹಳದಿ, 30 ದಾಟಿದರೆ ಕಪ್ಪು. ಈ ರೆಸಿಪಿಗೆ ಸುಮಾರು 7.5 ಬರುತ್ತದೆ, ಅಂದರೆ ಹೊನ್ನಿನ ಬಣ್ಣ. ಅದರಲ್ಲಿ ದೊಡ್ಡ ಪಾಲು ಆ 400 ಗ್ರಾಂ ಕ್ರಿಸ್ಟಲ್ ಮಾಲ್ಟ್‌ನದು.

ಎರಡು ಹೆಸರುಗಳ ನಡುವೆ

ಈಗ ಹೋಲಿಸಿ ನೋಡೋಣ. ಬ್ಲಾಂಡ್ ಏಲ್‌ಗೆ ಮೂಲ ಸಾಂದ್ರತೆ 1.038ರಿಂದ 1.054, ಕಹಿ 15ರಿಂದ 28, ಬಣ್ಣ 3ರಿಂದ 6. ನಮ್ಮ ಬಿಯರ್ ಮೊದಲ ಎರಡರಲ್ಲಿ ಹೊಂದುತ್ತದೆ, ಬಣ್ಣದಲ್ಲಿ ಮೀರುತ್ತದೆ. ಅಮೆರಿಕನ್ ಪೇಲ್ ಏಲ್‌ಗೆ ಸಾಂದ್ರತೆ 1.045ರಿಂದ 1.060, ಕಹಿ 30ರಿಂದ 50, ಬಣ್ಣ 5ರಿಂದ 10. ಇಲ್ಲಿ ಸಾಂದ್ರತೆ, ಬಣ್ಣ ಹೊಂದುತ್ತವೆ, ಕಹಿ ನಾಲ್ಕು ಅಂಕಿ ಕಡಿಮೆ. ಆಂಬರ್ ಏಲ್‌ನ ಕಹಿ 25ರಿಂದ 40, ಅದು ಸರಿ. ಆದರೆ ಬಣ್ಣ 10ರಿಂದ 17, ಅಷ್ಟು ಕಡು ಬಣ್ಣ ಈ ಬಿಯರ್‌ಗಿಲ್ಲ.

ಅಂಕಿಗಳನ್ನೇ ನಂಬಿದವರು ಇಲ್ಲಿ ಕೈಚೆಲ್ಲುತ್ತಾರೆ. ಎರಡು ಶೈಲಿಗಳು ತಲಾ ಒಂದೊಂದು ಕಡೆ ತಪ್ಪಿಹೋಗಿವೆ, ಆಯ್ಕೆ ಹೇಗೆ?

ಮೊದಲಿಗೆ, ಈ ತಪ್ಪುಗಳ ಗಾತ್ರವನ್ನು ಅಳೆಯಿರಿ. ಬಣ್ಣದಲ್ಲಿ 6 ಮತ್ತು 7.5ರ ನಡುವಿನ ಅಂತರ ಗಾಜಿನ ಲೋಟದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಕಹಿಯಲ್ಲಿ 26 ಮತ್ತು 30ರ ಅಂತರವನ್ನು ಹೆಚ್ಚಿನವರ ನಾಲಗೆ ಹಿಡಿಯಲಾರದು. ಮೇಲಾಗಿ 26 ಎಂಬುದೇ ಸೂತ್ರದ ಅಂದಾಜು. ಹಾಪ್ಸ್ ಹಳೆಯದಾಗಿದ್ದರೆ, ಕುದಿ ಮಂದವಾಗಿದ್ದರೆ ನಿಜವಾದ ಕಹಿ ಬೇರೆಯೇ ಇರುತ್ತದೆ. ಅಂಚಿನಲ್ಲಿರುವ ಅಂಕಿಗಳಿಂದ ತೀರ್ಪು ಕೊಡುವುದು ತರವಲ್ಲ.

ಹಾಗಾದರೆ ವಿವರಣೆಗೆ ಹೋಗಬೇಕು. ಬ್ಲಾಂಡ್ ಏಲ್‌ನಲ್ಲಿ ಯಾವುದೂ ಮುಂದೆ ಬಂದು ನಿಲ್ಲಬಾರದು. ಮೃದು, ಮಾಲ್ಟ್ ಕಡೆ ವಾಲಿದ, ಸುಲಭವಾಗಿ ಕುಡಿಯುವ ಬಿಯರ್ ಅದು. ಪೇಲ್ ಏಲ್‌ನಲ್ಲಿ ಹಾಪ್ಸ್ ಮಾತನಾಡಬೇಕು, ಮಾಲ್ಟ್ ಅದಕ್ಕೆ ಬೆನ್ನೆಲುಬಾಗಬೇಕು. ನಮ್ಮ ರೆಸಿಪಿಯಲ್ಲಿ ಅರ್ಧದಷ್ಟು ಹಾಪ್ಸ್ ಕೊನೆಗೆ ಬಿದ್ದಿದೆ, ಅದೂ ಎದ್ದು ಕಾಣುವ ಘಮದ ಕ್ಯಾಸ್ಕೇಡ್. ಕ್ರಿಸ್ಟಲ್ ಮಾಲ್ಟ್ ಒಟ್ಟು ಧಾನ್ಯದ ಹತ್ತನೆಯ ಒಂದು ಪಾಲಿಗೆ ಹತ್ತಿರ. ಲೋಟವನ್ನು ಮೂಗಿನ ಬಳಿ ತಂದಾಗ ಮೊದಲು ಬರುವುದು ಚಕ್ಕೋತದ ಘಮ, ಆಮೇಲೆ ಸಕ್ಕರೆಪಾಕದ ಸಣ್ಣ ಸಿಹಿ. ಇದು ಪೇಲ್ ಏಲ್‌ನ ನಡವಳಿಕೆ. ಆದ್ದರಿಂದ ಅಮೆರಿಕನ್ ಪೇಲ್ ಏಲ್ ಎಂಬುದೇ ನನ್ನ ತೀರ್ಮಾನ, ಅದರಲ್ಲಿ ಕಹಿ ತುಸು ಕಡಿಮೆಯಿರುವ ಬಗೆ. ಹುಡುಗನಿಗೂ ಅದನ್ನೇ ಹೇಳಿದೆ. ಅರ್ಜಿ ತುಂಬುವ ಮೊದಲು ಒಂದು ಬಾಟಲಿಯನ್ನು ತೆಗೆದು ರುಚಿ ನೋಡು, ಘಮ ಅಡಗಿಹೋಗಿದ್ದರೆ ಬ್ಲಾಂಡ್ ಏಲ್ ಎಂದೇ ಬರೆ ಎಂಬ ಮಾತನ್ನೂ ಸೇರಿಸಿದೆ. ತೀರ್ಪುಗಾರರ ಮುಂದೆ ಇರುವುದು ಲೋಟ, ರೆಸಿಪಿಯಲ್ಲ.

ಮುಂದಿನ ಸಲ ಸಂಶಯವೇ ಬೇಡವೆಂದರೆ ದಾರಿ ಸುಲಭ. ಮೊದಲ ಕಂತಿನ ಹಾಪ್ಸ್ 35 ಗ್ರಾಂ ಆದರೆ ಕಹಿ 30 ದಾಟುತ್ತದೆ, ಬಿಯರ್ ಎಲ್ಲ ಅಂಕಿಗಳಲ್ಲೂ ಪೇಲ್ ಏಲ್ ಆಗುತ್ತದೆ. ಬ್ಲಾಂಡ್ ಬೇಕೆಂದರೆ ಕ್ರಿಸ್ಟಲ್ ಮಾಲ್ಟ್ 150 ಗ್ರಾಂಗೆ ಇಳಿಸಿದರೆ ಸಾಕು, ಬಣ್ಣ 5ರ ಆಸುಪಾಸಿಗೆ ಬರುತ್ತದೆ. ಕೊನೆಯ ಹಾಪ್ಸನ್ನೂ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು.

ಅಂಕಿಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡು ಹಾಪ್ಸ್ ಮಾತ್ರ ಇಂಗ್ಲೆಂಡಿನ ಈಸ್ಟ್ ಕೆಂಟ್ ಗೋಲ್ಡಿಂಗ್ಸ್, ಯೀಸ್ಟ್ ಇಂಗ್ಲಿಷ್ ಏಲ್‌ನದು ಎಂದು ಬದಲಿಸಿದರೆ? ಬಣ್ಣ, ಕಹಿ ಅಷ್ಟೇ ಇರುತ್ತವೆ, ಮದ್ಯಾಂಶವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬಿಯರ್ ಅಟ್ಲಾಂಟಿಕ್ ದಾಟಿ ಬ್ರಿಟನ್ನಿನ ಬಿಟರ್ ಎಂಬ ಏಲ್‌ಗಳ ಕುಟುಂಬದ ಹತ್ತಿರ ಹೋಗಿ ನಿಲ್ಲುತ್ತದೆ. ಯೀಸ್ಟ್‌ನಿಂದ ಶುರುಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಗ್ಯಾಲನ್ ಯಾವ ದೇಶದ್ದು?

ಇಂಗ್ಲೆಂಡಿನಲ್ಲಿರುವವರು ಅಮೆರಿಕದ ರೆಸಿಪಿಯನ್ನು ಬಳಸುವಾಗ ಆಗುವ ದೊಡ್ಡ ಗೊಂದಲ ಇದು. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಐದು ಗ್ಯಾಲನ್ ಎಂದರೆ ಒಂದು ಕಡೆ 19 ಲೀಟರ್, ಇನ್ನೊಂದು ಕಡೆ 22.7. ಅದೇ ಸಾಮಗ್ರಿಗೆ ಅಷ್ಟು ನೀರು ಸೇರಿದರೆ ಮೂಲ ಸಾಂದ್ರತೆ 1.040ಕ್ಕೆ, ಕಹಿ ಸುಮಾರು 23ಕ್ಕೆ, ಮದ್ಯಾಂಶ ಶೇ 4ರ ಹತ್ತಿರಕ್ಕೆ ಇಳಿಯುತ್ತದೆ. ಸಾಂದ್ರತೆಯಲ್ಲೂ ಕಹಿಯಲ್ಲೂ ಪೇಲ್ ಏಲ್‌ನಿಂದ ಹೊರಗೆ, ಬ್ಲಾಂಡ್ ಏಲ್‌ನ ಅಂಗಳಕ್ಕೆ.

ಬಿಸಿಲಿಗೂ ಶೈಲಿಗೂ ಏನು ಸಂಬಂಧ?

ರೆಸಿಪಿಯಲ್ಲಿ ಬರೆಯದೆ ಬಿಡುವ ಸಾಮಗ್ರಿಯೊಂದಿದೆ, ಅದು ಉಷ್ಣಾಂಶ. ಈ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಟೆಕ್ಸಾಸ್, ಅರಿಜೋನಾಗಳಲ್ಲಿರುವ ನಮ್ಮ ಹುಡುಗರಿಗೂ ಅಂಥದ್ದೇ ಬಿಸಿಲು. 30 ಡಿಗ್ರಿಯ ಮೇಲೆ ಸಾಮಾನ್ಯ ಏಲ್ ಯೀಸ್ಟ್ ಅವಸರದಿಂದ ಹುದುಗಿ, ಗಂಟಲು ಸುಡುವಂಥ ಭಾರವಾದ ಮದ್ಯಸಾರಗಳನ್ನೂ ಅತಿಯಾದ ಹಣ್ಣಿನ ವಾಸನೆಯನ್ನೂ ಬಿಡುತ್ತದೆ. ಆಗ ಕಾಗದದ ಮೇಲೆ ಪೇಲ್ ಏಲ್ ಆಗಿದ್ದದ್ದು ಲೋಟದಲ್ಲಿ ಯಾವ ಶೈಲಿಗೂ ಸೇರದು. ನಾರ್ವೆಯ ಹಳ್ಳಿಗಳ ಕ್ವೈಕ್ ಎಂಬ ಯೀಸ್ಟ್ ಮಾತ್ರ 30ರಿಂದ 40 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಅಳತೆಯೂ ಬಿಸಿಲಿಗೆ ಕೆಡುತ್ತದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ಗಳಲ್ಲಿ ಹಲವನ್ನು 20 ಡಿಗ್ರಿಗೆ ಹೊಂದಿಸಿರುತ್ತಾರೆ. ವರ್ಟ್ 35 ಡಿಗ್ರಿ ಇದ್ದಾಗ ಅಳೆದರೆ ಸುಮಾರು 4 ಅಂಶ ಕಡಿಮೆ ತೋರಿಸುತ್ತದೆ. 1.048 ಇರುವುದು 1.044 ಎಂದು ಕಾಣುತ್ತದೆ, ಅಷ್ಟಕ್ಕೇ ಪೇಲ್ ಏಲ್‌ನ ಕೆಳಗಿನ ಮಿತಿಯಾದ 1.045 ತಪ್ಪಿಹೋಗುತ್ತದೆ.

ಗಂಗಾವತಿಯ ಅಕ್ಕಿ, ರಾಯಚೂರಿನ ಜೋಳ

ಊರಿನ ಧಾನ್ಯ ಹಾಕಿದರೆ ಹೆಸರು ಏನಾಗುತ್ತದೆ ಎಂಬ ಕುತೂಹಲ ಸಹಜ. ಅಕ್ಕಿ ಬಿಯರ್‌ಗೆ ಹೊಸದಲ್ಲ. ಅಮೆರಿಕದಲ್ಲೂ ಭಾರತದಲ್ಲೂ ದೊಡ್ಡ ಕಾರ್ಖಾನೆಗಳ ಲಾಗರ್‌ಗಳಲ್ಲಿ ಅಕ್ಕಿ ಅಥವಾ ಮೆಕ್ಕೆಜೋಳ ಸೇರುತ್ತದೆ. ಅಕ್ಕಿಗೆ ಸ್ವಂತ ಕಿಣ್ವ ಇಲ್ಲದ್ದರಿಂದ ಅದನ್ನು ಬೇಯಿಸಿ, ಬಾರ್ಲಿ ಮಾಲ್ಟ್ ಜೊತೆ ನೆನೆಸಬೇಕು. ಮಾಲ್ಟ್‌ನ ಕಿಣ್ವವೇ ಅದರ ಪಿಷ್ಟವನ್ನೂ ಒಡೆಯುತ್ತದೆ. ಅಕ್ಕಿಯಿಂದ ಮದ್ಯಾಂಶ ಬರುತ್ತದೆ, ಬಣ್ಣ ಮತ್ತು ಮೈಭಾರ ಕಡಿಮೆಯಾಗುತ್ತವೆ. ನಮ್ಮ ರೆಸಿಪಿಯಲ್ಲಿ ಒಂದು ಕಿಲೋ ಮಾಲ್ಟ್ ಬದಲು ಸೋನಾ ಮಸೂರಿ ಹಾಕಿ, ಕ್ರಿಸ್ಟಲ್ ಮಾಲ್ಟ್ ತೆಗೆದು, ಹಾಪ್ಸ್ ಇಳಿಸಿದರೆ ಕಹಿ 8ರಿಂದ 20, ಬಣ್ಣ 2ರಿಂದ 5 ಇರುವ ಕ್ರೀಮ್ ಏಲ್‌ಗೆ ಹತ್ತಿರವಾಗುತ್ತದೆ. ಹೆಸರಿನಲ್ಲಿ ಕ್ರೀಮ್ ಇದ್ದರೂ ಅದರಲ್ಲಿ ಹಾಲಿನ ಅಂಶ ಇರುವುದಿಲ್ಲ.

ಜೋಳದ ವಿಷಯ ಇನ್ನೂ ಸ್ವಾರಸ್ಯ. ಆಫ್ರಿಕದ ಹಲವು ದೇಶಗಳಲ್ಲಿ ಜೋಳದ ಬಿಯರ್ ಪರಂಪರೆಯ ಪಾನೀಯ. ನೈಜೀರಿಯ 1988ರಲ್ಲಿ ಬಾರ್ಲಿಯ ಆಮದು ನಿಲ್ಲಿಸಿದಾಗ ಅಲ್ಲಿನ ಕಾರ್ಖಾನೆಗಳು ಜೋಳದಿಂದಲೇ ಲಾಗರ್ ಮಾಡಲು ಕಲಿತವು. ಜೋಳದ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಮೆತ್ತಗಾಗುತ್ತದೆ, ಮೊಳಕೆ ಬರಿಸಿದರೂ ಕೆಲವು ಕಿಣ್ವಗಳು ಅದರಲ್ಲಿ ಕಡಿಮೆ. ಆದ್ದರಿಂದ ಕಿಣ್ವವನ್ನು ಹೊರಗಿನಿಂದ ಸೇರಿಸುವುದೂ ಉಂಟು. ಅದರಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಬಾರ್ಲಿ, ಗೋಧಿ ಒಗ್ಗದವರಿಗಾಗಿ ಮಾಡುವ ಬಿಯರ್‌ಗಳಲ್ಲಿ ಜೋಳಕ್ಕೆ ಬೇಡಿಕೆ ಇದೆ.

ನಮ್ಮ ರೆಸಿಪಿಯಲ್ಲಿ ಬಿಳಿಜೋಳ ರುಚಿಗೆ ತಿಳಿಯುವಷ್ಟು ಬಿದ್ದರೆ ಅದು ಬರಿಯ ಪೇಲ್ ಏಲ್ ಆಗಿ ಉಳಿಯುವುದಿಲ್ಲ. ಬಿಜೆಸಿಪಿಯಲ್ಲಿ ಪರ್ಯಾಯ ಧಾನ್ಯದ ಬಿಯರ್ ಎಂಬ ಬೇರೆ ವಿಭಾಗವೇ ಇದೆ, 31ಎ ಅದರ ಸಂಖ್ಯೆ. ಅಲ್ಲಿ ಎರಡು ವಿವರ ಬರೆದುಕೊಡಬೇಕು: ಮೂಲ ಶೈಲಿ ಯಾವುದು, ಬಳಸಿದ ಧಾನ್ಯ ಯಾವುದು. ಜೋಳದ ರುಚಿ ನಾಲಗೆಗೆ ಸಿಗದಿದ್ದರೆ ಮಾತ್ರ ಅದನ್ನು ಮೂಲ ಶೈಲಿಯ ಹೆಸರಿನಲ್ಲೇ ಕೊಡಬೇಕು.